ಪರದೆ ಒರೆಸಲು ಹೋಗಿ

ಸಿ ಭಾಷೆಗೆ ಪರದೆ ಅನ್ನುವುದೊಂದು ಇದೆ ಅಂತಲೇ ಗೊತ್ತಿಲ್ಲ. ಈ ಸಂಗತಿ ನನಗೆ ತಿಳಿದದ್ದು ಆ ಭಾಷೆ ಬರುತ್ತದೆ ಎಂದು ಹೇಳಿಕೊಂಡು ಸಂಬಳ ಎಣಿಸಲು ಶುರುಮಾಡಿದ ಮೇಲೆ. ಅಲ್ಲಿಯವರೆಗೂ ಸಿ ಎಂದರೆ ಮೊದಲು ಪರದೆ ಒರೆಸುವುದು, ಲೆಕ್ಕಗಿಕ್ಕ ಏನಿದ್ದರೂ ಆಮೇಲೆ ಎಂದು ನಂಬಿದ್ದ ಇಡೀ ಒಂದು ತಲೆಮಾರಿನಲ್ಲಿ ನಾನೂ ಒಬ್ಬ.

ಹಾಗೆ ನಂಬಿಸಿದ್ದು ಲ್ಯಾಬು. 2003ರಲ್ಲಿ ನಾನು ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರಿದಾಗ ನಮ್ಮೆದುರು ಇಟ್ಟದ್ದು ಟರ್ಬೊ ಸಿ. ನೀಲಿ ಹಿನ್ನೆಲೆ, ಹಳದಿ ಅಕ್ಷರ. ಬೋರ್ಲ್ಯಾಂಡ್ ಕಂಪನಿ ಅದನ್ನು ಮೊದಲು ಹೊರತಂದದ್ದು 1987ರಲ್ಲಿ. ವಯಸ್ಸಿನಲ್ಲಿ ಅದು ನನಗಿಂತ ಸ್ವಲ್ಪವೇ ಚಿಕ್ಕದು, ಬುದ್ಧಿಯಲ್ಲಿ ಬಹಳ ದೊಡ್ಡದು. ಅದರಲ್ಲಿ ಯಾವ ಪ್ರೋಗ್ರಾಮ್ ಬರೆದರೂ ಮೊದಲಿಗೆ ಪರದೆ ಒರೆಸುವ ಕ್ಲರ್‌ಸ್ಕರ್, ಕೊನೆಗೆ ಒಂದು ಕೀಲಿ ಒತ್ತುವವರೆಗೆ ಕಾಯುವ ಗೆಟ್‌ಚ್. ಗಣಪತಿ ಪೂಜೆಯಾಗದೆ ಮದುವೆ ಶುರುವಾಗದಂತೆ ಕ್ಲರ್‌ಸ್ಕರ್ ಆಗದೆ ಫ್ಯಾಕ್ಟೋರಿಯಲ್ ಶುರುವಾಗುತ್ತಿರಲಿಲ್ಲ. ರೆಕಾರ್ಡ್ ಪುಸ್ತಕದಲ್ಲಿ ಅದು ಕಾಣದಿದ್ದರೆ ಮೇಡಂ ಕೆಂಪು ಪೆನ್ನು ತೆಗೆಯುತ್ತಿದ್ದರು. ನನ್ನ ಭಕ್ತಿಯಂತೂ ಇನ್ನೂ ಒಂದು ಕೈ ಮೇಲು. ವೇರಿಯಬಲ್‌ಗಳನ್ನು ಘೋಷಿಸುವ ಮೊದಲೇ ಅದನ್ನು ಕರೆದುಬಿಡುತ್ತಿದ್ದೆ. ಟರ್ಬೊ ಸಿ ಪಾಲಿಸುತ್ತಿದ್ದ ಹಳೆಯ ನಿಯಮದಲ್ಲಿ ಘೋಷಣೆಗಳೆಲ್ಲ ಮೊದಲು ಬರಬೇಕು, ಕೆಲಸ ಆಮೇಲೆ. ‘ಇಲ್ಲಿ ಘೋಷಣೆಗೆ ಅವಕಾಶವಿಲ್ಲ’ ಎಂದು ಟರ್ಬೊ ಸಿ ಗದರುತ್ತಿತ್ತು. ನಾನು ಕ್ಲರ್‌ಸ್ಕರ್ ಒಂದನ್ನು ಬಿಟ್ಟು ಮಿಕ್ಕ ಎಲ್ಲ ಸಾಲನ್ನೂ ಅಳಿಸಿ ನೋಡುತ್ತಿದ್ದೆ.

ವೈವಾದಲ್ಲಿ ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ರೆಕಾರ್ಡ್ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟು, “ಇದು ಯಾಕಪ್ಪ ಬೇಕು?” ಎಂದು ಕೇಳಿದರು.

“ಹಾಕ್ಲಿಲ್ಲ ಅಂದ್ರೆ ಮಾರ್ಕ್ಸ್ ಕಟ್ ಆಗುತ್ತೆ ಸಾರ್” ಅಂದೆ.

ನಿಜವಾದ ಕಾರಣ ಬೇರೆ. ಟರ್ಬೊ ಸಿ ಎಡಿಟರಿನ ಹಿಂದೆ ಇನ್ನೊಂದು ಪರದೆ ಅಡಗಿರುತ್ತಿತ್ತು. ಪ್ರೋಗ್ರಾಮಿನ ಔಟ್‌ಪುಟ್ ಬೀಳುತ್ತಿದ್ದದ್ದು ಅಲ್ಲಿ. ಆಲ್ಟ್ ಹಿಡಿದು ಎಫ್ 5 ಒತ್ತಿದರೆ ದರ್ಶನ. ಹಿಂದಿನ ಸಲ ಓಡಿಸಿದಾಗ ಬಿದ್ದದ್ದೆಲ್ಲ ಅಲ್ಲೇ ಬಿದ್ದುಕೊಂಡಿರುತ್ತಿತ್ತು, ಅದನ್ನು ಒರೆಸಲಿಕ್ಕೆ ಕ್ಲರ್‌ಸ್ಕರ್. ಡಾಸ್ ಯಂತ್ರದಲ್ಲಿ ಅದು ಸುಲಭದ ಕೆಲಸ. 80 ಅಕ್ಷರ ಅಗಲ, 25 ಸಾಲು ಎತ್ತರ, ಪ್ರತಿ ಮನೆಗೆ ಅಕ್ಷರಕ್ಕೊಂದು ಬೈಟು, ಬಣ್ಣಕ್ಕೊಂದು ಬೈಟು: ಒಟ್ಟು 4000 ಬೈಟಿನ ಒಂದು ಜಾಗ ಮೆಮೊರಿಯಲ್ಲಿತ್ತು, ಅದೇ ಪರದೆ. ಅದರ ತುಂಬ ಖಾಲಿ ಅಕ್ಷರ ತುಂಬಿದರೆ ಮುಗಿಯಿತು. ಇದು ಬೋರ್ಲ್ಯಾಂಡಿನವರು ತಮ್ಮ ಗಿರಾಕಿಗಳಿಗೆ ಮಾಡಿಕೊಟ್ಟ ಅನುಕೂಲವೇ ಹೊರತು ಸಿ ಭಾಷೆಯ ಆಸ್ತಿಯಲ್ಲ. ಭಾಷೆಯನ್ನು ಹುಟ್ಟಿಸಿದ ಡೆನಿಸ್ ರಿಚಿ, ಬ್ರಿಯಾನ್ ಕರ್ನಿಹಾನ್ ಜೊತೆಗೂಡಿ 1978ರಲ್ಲಿ ಬರೆದ ಪುಸ್ತಕವನ್ನು ಮೊದಲಿಂದ ಕೊನೆವರೆಗೆ ತಿರುವಿದರೂ ಅದು ಸಿಗುವುದಿಲ್ಲ. ನಾನು ತಿರುವಿರಲಿಲ್ಲ ಅನ್ನುವುದು ಬೇರೆ ಮಾತು. ಕೊಂಡಿದ್ದೆ, ಹಾಸ್ಟೆಲಿನಲ್ಲಿ ಬಂದವರಿಗೆ ಕಾಣುವ ಜಾಗದಲ್ಲಿ ಇಟ್ಟಿದ್ದೆ.

ಅಂದಹಾಗೆ, ಪ್ರಾಕ್ಟಿಕಲ್ ಪರೀಕ್ಷೆಯ ಗಡಿಬಿಡಿಯಲ್ಲಿ ನಾನು ಬರೆಯಲು ಮರೆತದ್ದು ಆ ಒಂದು ಸಾಲನ್ನೇ. ಜೊತೆಗೆ ಉತ್ತರ ಮುದ್ರಿಸುವ ಸಾಲನ್ನೂ ಮರೆತಿದ್ದೆ. ಆದರೆ ಬೆಳಗಿನ ಬ್ಯಾಚಿನ ಯಾರೋ ಪುಣ್ಯಾತ್ಮನ ‘ಮೊತ್ತ 55’ ಪರದೆಯ ಮೇಲೆ ಹಾಗೇ ಉಳಿದಿತ್ತು. ನನಗೆ ಬಂದಿದ್ದ ಪ್ರಶ್ನೆಯೂ ಒಂದರಿಂದ ಹತ್ತರವರೆಗಿನ ಮೊತ್ತವೇ. ಪೂರ್ತಿ ಅಂಕ ಬಂತು. ಒರೆಸದೇ ಇದ್ದದ್ದರಿಂದ ಬದುಕಿಕೊಂಡವನು ಅಲ್ಲಿಗೇ ಬುದ್ಧಿ ಕಲಿಯಬೇಕಿತ್ತು.

ಓದು ಮುಗಿದ ಮೇಲೆ ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಲಾರಿ ತೂಗುವ ವೇ ಬ್ರಿಡ್ಜುಗಳಿಗೆ ಸಾಫ್ಟ್‌ವೇರ್ ಬರೆಯುವ ಕಂಪನಿ. ಲಾರಿ ಬಂದು ಕಟ್ಟೆಯ ಮೇಲೆ ನಿಂತರೆ ಇಂಡಿಕೇಟರ್ ಎಂಬ ಡಬ್ಬಿ ಕ್ಷಣಕ್ಷಣಕ್ಕೂ ತೂಕವನ್ನು ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಕಳಿಸುತ್ತದೆ. ಅದನ್ನು ಓದಿ ಪರದೆಯಲ್ಲಿ ತೋರಿಸಬೇಕು, ಲೋಡಿನ ತೂಕದಿಂದ ಖಾಲಿ ಗಾಡಿಯ ತೂಕ ಕಳೆದು ಚೀಟಿ ಮುದ್ರಿಸಬೇಕು. ತುಮಕೂರು ರಸ್ತೆಯ ಒಂದು ಜಲ್ಲಿ ಯಾರ್ಡಿನ ಕೆಲಸ ನನ್ನ ಪಾಲಿಗೆ ಬಂತು. ಹೊಸ ತೂಕ ಬಂದಾಗ ಹಳೆಯದನ್ನು ಒರೆಸಬೇಕು ತಾನೇ? ಒರೆಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಯಾರಿದ್ದಾರೆ ಎಂದುಕೊಂಡು ಕೂತೆ.

ಕಂಪ್ಯೂಟರಿನಲ್ಲಿ ಇದ್ದದ್ದು ಲಿನಕ್ಸ್. ಕ್ಲರ್‌ಸ್ಕರ್ ಸಿಗಲೆಂದು ಕೋನಿಯೊ ಡಾಟ್ ಎಚ್ ಎಂದು ಬರೆದ ಮೊದಲ ಸಾಲಿಗೇ ಜಿಸಿಸಿ ಕಂಪೈಲರ್, ಅಂಥ ಫೈಲೂ ಇಲ್ಲ, ಡೈರೆಕ್ಟರಿಯೂ ಇಲ್ಲ ಎಂದಿತು. ಇಲ್ಲದಿದ್ದರೆ ತರೋಣ ಎಂದು ಹಳೆ ಕಂಪ್ಯೂಟರಿನ ಟರ್ಬೊ ಸಿ ಫೋಲ್ಡರಿನಿಂದ ಆ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದೆ. ಅದನ್ನು ಕಂಡು ಜಿಸಿಸಿ ಒಂದು ಪುಟ ತುಂಬ ತಪ್ಪು ಹುಡುಕಿತು. ಡಾಸ್ ಕಾಲದ ಪದಗಳೆಲ್ಲ ಅದರಲ್ಲಿದ್ದವು. ತಕರಾರು ಬಂದ ಸಾಲನ್ನೆಲ್ಲ ಅಳಿಸುತ್ತ ಹೋದೆ. ಸಂಜೆಯ ಹೊತ್ತಿಗೆ ಫೈಲಿನಲ್ಲಿ ಕ್ಲರ್‌ಸ್ಕರ್ ಎಂಬ ಫಂಕ್ಷನ್ ಇದೆ ಎಂದು ಸಾರುವ ಒಂದೇ ಒಂದು ಸಾಲು ಉಳಿಯಿತು. ಕಂಪೈಲರ್ ಒಪ್ಪಿತು. ನಾನು ಕಾಫಿಗೆ ಎದ್ದೆ. ಎದ್ದವನು ಕೂರುವಷ್ಟರಲ್ಲಿ ಲಿಂಕರ್ ಬಾಯಿ ತೆರೆಯಿತು: ಇದೆ ಅಂತ ಹೇಳಿದ್ದೀರಿ ಸರಿ, ಎಲ್ಲಿದೆ? ಹೆಡರ್ ಫೈಲಿನಲ್ಲಿ ಇರುವುದು ಹೆಸರು ಮಾತ್ರ, ಕೆಲಸ ಮಾಡುವ ಆಸಾಮಿ ಲೈಬ್ರರಿಯಲ್ಲಿ ಇರುತ್ತಾನೆ ಎಂದು ನಾಲ್ಕು ವರ್ಷ ಓದಿ ಡಿಗ್ರಿ ಪಡೆದ ನನಗೆ ಅವತ್ತು ಗೊತ್ತಾಯಿತು.

ಸರಿ, ನಾನೇ ಬರೆಯುತ್ತೇನೆ ಎಂದು ಹೊರಟೆ. 25 ಖಾಲಿ ಸಾಲು ಮುದ್ರಿಸಿದರೆ ಹಳೆಯದೆಲ್ಲ ಮೇಲಕ್ಕೆ ಹೋಗಿ ಮರೆಯಾಗುತ್ತದೆ, ಅಷ್ಟೇ ತಾನೇ? ಆಫೀಸಿನ ಮಾನಿಟರಿನಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ಯಾರ್ಡಿನವರು ಉತ್ಸಾಹದಿಂದ ದೊಡ್ಡ ಮಾನಿಟರ್ ತಂದಿದ್ದರು. ಅದರಲ್ಲಿ 25ಕ್ಕಿಂತ ಎಷ್ಟೋ ಹೆಚ್ಚು ಸಾಲು ಹಿಡಿಯುತ್ತಿತ್ತು. ಹಾಗಾಗಿ ಈಗಿನ ಲಾರಿಯ ತೂಕ ಕೆಳಗೆ, ಆಗಲೇ ಮನೆಗೆ ಹೋದ ಲಾರಿಯ ತೂಕ ಮೇಲೆ, ಎರಡೂ ಪರದೆಯಲ್ಲಿ ರಾರಾಜಿಸಿದವು.

“ಸಾ, ನಮ್ಮ್ ಗಾಡಿದು ಮೇಲಿಂದ ಹಾಕ್ಕೊಳಿ, ಅದೇ ಸರಿಯಾಗದೆ” ಎಂದ ಡ್ರೈವರ್. ಮೇಲಿನದು ಎರಡು ಟನ್ ಹೆಚ್ಚಿತ್ತು.

ಆಗ ವಿಂಡೋಸ್ ಬಲ್ಲ ಗೆಳೆಯನೊಬ್ಬ ಹೇಳಿದ: ನೀನ್ಯಾಕೆ ಒರೆಸುತ್ತೀಯೋ, ಸಿಸ್ಟಮ್ ಎಂಬ ಫಂಕ್ಷನ್ನಿಗೆ ಸಿಎಲ್‌ಎಸ್ ಎಂದು ಕೊಡು, ಆಪರೇಟಿಂಗ್ ಸಿಸ್ಟಮ್ಮೇ ಒರೆಸುತ್ತದೆ. ಕೊಟ್ಟೆ. ಲಿನಕ್ಸಿನಲ್ಲಿ ಆ ಹೆಸರಿನ ಕಮಾಂಡ್ ಇಲ್ಲ. ಇಲ್ಲವೆಂಬುದನ್ನು ಅದು ಸುಮ್ಮನೆ ನುಂಗಿಕೊಳ್ಳುವುದೂ ಇಲ್ಲ. ಪ್ರತಿ ತೂಕಕ್ಕೂ ಒಂದೊಂದು ಸಲ ‘ಸಿಎಲ್‌ಎಸ್ ಸಿಗಲಿಲ್ಲ’ ಎಂದು ಪರದೆಯ ಮೇಲೆ ಬರೆಯಿತು. ಪರದೆ ಖಾಲಿ ಮಾಡಲು ಹೇಳಿಕಳಿಸಿದ್ದ ಸಾಲಿನಿಂದಲೇ ಪರದೆ ತುಂಬಿ ತುಳುಕಿತು.

ಆಮೇಲೆ ಯುನಿಕ್ಸಿನ ಕ್ಲಿಯರ್ ಕಮಾಂಡ್ ಸಿಕ್ಕಿತು. ಒರೆಸಿತು! ನಿಜವಾಗಿಯೂ ಒರೆಸಿತು. ಆದರೆ ಅದರ ವೈಭೋಗ ನೋಡಿ: ಒಂದು ಸಲ ಪರದೆ ಖಾಲಿ ಮಾಡಲು ನನ್ನ ಪ್ರೋಗ್ರಾಮ್ ಒಂದು ಶೆಲ್ ಎಬ್ಬಿಸಬೇಕು, ಆ ಶೆಲ್ ಕ್ಲಿಯರನ್ನು ಹುಡುಕಿ ಎಬ್ಬಿಸಬೇಕು, ಅದು ಒರೆಸಬೇಕು, ಇಬ್ಬರೂ ಮಲಗಬೇಕು. ಇಂಡಿಕೇಟರ್ ಸೆಕೆಂಡಿಗೆ ಹಲವು ಸಲ ತೂಕ ಕಳಿಸುತ್ತಿತ್ತು. ಆ ಹಳೆ ಕಂಪ್ಯೂಟರಿನ ಫ್ಯಾನು ಲಾರಿಯ ಎಂಜಿನ್ನಿಗಿಂತ ಜೋರಾಗಿ ಕೂಗತೊಡಗಿತು, ಪರದೆ ಮಿಣಮಿಣ ಅನ್ನತೊಡಗಿತು. ಇನ್ನೊಂದು ಚೋದ್ಯವೂ ನಡೆಯುತ್ತಿತ್ತು. ‘ದಯವಿಟ್ಟು ಕಾಯಿರಿ’ ಎಂದು ಮುದ್ರಿಸಿ ಆಮೇಲೆ ಒರೆಸು ಎಂದು ಬರೆದಿದ್ದೆ. ಅದು ಒರೆಸಿ ಆಮೇಲೆ ‘ದಯವಿಟ್ಟು ಕಾಯಿರಿ’ ಎನ್ನುತ್ತಿತ್ತು. ಸಾಲು ಮುಗಿಯುವವರೆಗೆ ಸಿ ತನ್ನ ಮಾತನ್ನು ಬಫರಿನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಕ್ಲಿಯರ್ ಬೇರೆಯೇ ಪ್ರೋಗ್ರಾಮು, ಅದಕ್ಕೆ ಈ ಸಂಕೋಚವಿಲ್ಲ, ಬಂದು ತನ್ನ ಕೆಲಸ ಮುಗಿಸಿಕೊಂಡು ಹೋಗುತ್ತದೆ. ಮೊದಲು ಎಫ್‌ಫ್ಲಶ್ ಮಾಡಿ ಹಿಡಿದದ್ದನ್ನು ಹೊರಹಾಕಬೇಕಿತ್ತು. ಅದು ಗೊತ್ತಾಗುವವರೆಗೆ ಯಾರ್ಡಿನ ಮೇಸ್ತ್ರಿ ವಿಧೇಯನಾಗಿ ಕಾದ.

ಕರೆಂಟು ಹೋಗಿ ಬಂದಾಗಲೆಲ್ಲ ಮೇಸ್ತ್ರಿ ನನಗೆ ಫೋನ್ ಮಾಡುತ್ತಿದ್ದ. ಅದು ತಪ್ಪಲಿ, ಯಂತ್ರ ಶುರುವಾದ ಕೂಡಲೇ ಪ್ರೋಗ್ರಾಮೂ ತಾನಾಗಿ ಏಳಲಿ ಎಂದು ಅದನ್ನು ಕ್ರಾನ್‌ಗೆ ವಹಿಸಿ, ಔಟ್‌ಪುಟ್ಟನ್ನು ಪರದೆಗೆ ತಿರುಗಿಸಿದೆ. ಪ್ರೋಗ್ರಾಮ್ ಎದ್ದಿತು. ‘ಟರ್ಮ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಇಲ್ಲ’ ಎಂಬ ದೂರೂ ಎದ್ದಿತು. ಕ್ಲಿಯರ್‌ಗೆ ಎದುರಿಗಿರುವುದು ಯಾವ ಜಾತಿಯ ಟರ್ಮಿನಲ್ ಎಂದು ಗೊತ್ತಾಗಬೇಕು. 1970ರ ದಶಕದಲ್ಲಿ ಕಂಪನಿಗೊಂದು ಬಗೆಯ ಟರ್ಮಿನಲ್, ಟರ್ಮಿನಲ್ಲಿಗೊಂದು ಬಗೆಯ ಸಂಕೇತ. ಬರ್ಕ್ಲಿಯಲ್ಲಿದ್ದ ಬಿಲ್ ಜಾಯ್ ತಮ್ಮ ವಿಐ ಎಡಿಟರಿಗಾಗಿ ಆ ಎಲ್ಲ ಟರ್ಮಿನಲ್ಲುಗಳ ಜಾತಕ ಬರೆದಿಟ್ಟರು, ಅದೇ ಟರ್ಮ್‌ಕ್ಯಾಪ್. ಅದರ ಮೊಮ್ಮಗನನ್ನು ಕ್ಲಿಯರ್ ಇವತ್ತಿಗೂ ತೆರೆದು ನೋಡುತ್ತದೆ. ಕ್ರಾನ್ ಎಬ್ಬಿಸಿದ ಪ್ರೋಗ್ರಾಮಿಗೆ ತಾನು ಯಾವ ಟರ್ಮಿನಲ್ಲಿನ ಮುಂದಿದ್ದೇನೆಂದು ಯಾರೂ ಹೇಳಿರುವುದಿಲ್ಲ.

ಇಷ್ಟಾದ ಮೇಲೆ ನನಗೆ ಸಿ ಮೇಲೆ ಸಿಟ್ಟು ಬಂತು. ಗುಣಿಸುತ್ತದೆ, ಭಾಗಿಸುತ್ತದೆ, ಪಾಯಿಂಟರಿನಿಂದ ಕೊರಳು ಕುಯ್ಯುತ್ತದೆ. ಒಂದು ಪರದೆ ಒರೆಸಲು ಬರುವುದಿಲ್ಲವೇ? ಸಿಟ್ಟಿನ ಭರದಲ್ಲಿ ಇತಿಹಾಸ ಓದಿದೆ. ಬೆಲ್ ಲ್ಯಾಬ್ಸಿನಲ್ಲಿ ಯುನಿಕ್ಸ್, ಸಿ ಎರಡೂ ಬೆಳೆಯುತ್ತಿದ್ದ ಕಾಲಕ್ಕೆ ಅಲ್ಲಿಯವರ ಮುಂದೆ ಇದ್ದದ್ದು ಟೆಲಿಟೈಪ್ ಮಾಡೆಲ್ 33. ಪರದೆಯೇ ಇಲ್ಲದ ಯಂತ್ರ. ಒಂದು ಕೀಲಿಮಣೆ, ಒಂದು ಕಾಗದದ ಸುರುಳಿ, ಸೆಕೆಂಡಿಗೆ 10 ಅಕ್ಷರ ಕುಟ್ಟುವ ವೇಗ, ಕಿವಿ ತೂತಾಗುವ ಸದ್ದು. ಹಳೆಯದು ಬೇಡವೆಂದರೆ ಕಾಗದ ಹರಿಯುವುದು. ಅದಕ್ಕೆ ಫಂಕ್ಷನ್ ಯಾಕೆ, ಕೈ ಸಾಕು. ಅಂಥ ಮನೆಯಲ್ಲಿ ಬೆಳೆದ ಭಾಷೆಗೆ ಗೊತ್ತಿರುವುದು ಇಷ್ಟೇ: ಒಂದು ಕಡೆಯಿಂದ ಅಕ್ಷರ ಬರುತ್ತದೆ, ಇನ್ನೊಂದು ಕಡೆಗೆ ಹೋಗುತ್ತದೆ. ಹೋದದ್ದು ಪರದೆಯ ಮೇಲೆ ಬಿತ್ತೋ, ಫೈಲಿಗೆ ಬಿತ್ತೋ, ಪ್ರಿಂಟರಿಗೆ ಬಿತ್ತೋ, ಕೇಳುವ ಗೊಡವೆ ಅದಕ್ಕಿಲ್ಲ. 1989ರಲ್ಲಿ ಸಿ ಭಾಷೆಗೆ ಅಮೆರಿಕದ ಸ್ಟ್ಯಾಂಡರ್ಡ್ ಬಂದಾಗಲೂ ಇದನ್ನು ಹೀಗೇ ಉಳಿಸಿಕೊಂಡರು. ಓದಿ ಮುಗಿಸಿದಾಗ ಸಿಟ್ಟು ಇಳಿದಿತ್ತು. ಬುದ್ಧಿ ಬಂದಿರಲಿಲ್ಲ.

ಬುದ್ಧಿಯ ಬದಲು ಎಸ್ಕೇಪ್ ಸೀಕ್ವೆನ್ಸ್ ಬಂತು. ಆಫೀಸಿನ ಹಿರಿಯರೊಬ್ಬರು ಚೀಟಿಯಲ್ಲಿ ಬರೆದುಕೊಟ್ಟರು: ಎಸ್ಕೇಪ್ ಅಕ್ಷರ, ಅಂದರೆ 27, ಅದರ ನಂತರ ತೆರೆದ ಚೌಕ ಆವರಣ, 2, ಜೆ. ಇದನ್ನು ಮುದ್ರಿಸಿದರೆ ಟರ್ಮಿನಲ್ಲೇ ತನ್ನನ್ನು ತಾನು ಒರೆಸಿಕೊಳ್ಳುತ್ತದೆ. ಡಿಜಿಟಲ್ ಕಂಪನಿಯ ವಿಟಿ 100 ಎಂಬ ಟರ್ಮಿನಲ್ 1978ರಲ್ಲಿ ಬಂದು ಈ ಬಗೆಯ ಸಂಕೇತಗಳನ್ನು ಜಗತ್ತಿಗೆ ಹಬ್ಬಿಸಿತಂತೆ. ಆ ಯಂತ್ರಗಳು ಗುಜರಿಗೆ ಹೋಗಿ ಕಾಲವಾಯಿತು, ಅವುಗಳ ವೇಷ ಹಾಕುವ ಕಿಟಕಿಗಳು ನಮ್ಮ ಕಂಪ್ಯೂಟರುಗಳಲ್ಲಿ ಇನ್ನೂ ಇವೆ. ವಿಂಡೋಸಿನ ಕನ್ಸೋಲು ಕೂಡ ಬಹಳ ಕಾಲ ಮೊಂಡು ಹಿಡಿದು, ವಿಂಡೋಸ್ 10ರ ಕಾಲಕ್ಕೆ ಈ ದಾರಿಗೇ ಬಂತು. ಇರಲಿ. ಹಿರಿಯರ ಚೀಟಿಯಲ್ಲಿ ಎರಡನೆಯ ಸಾಲೂ ಇತ್ತು, ಕರ್ಸರನ್ನು ಮೂಲೆಗೆ ಒಯ್ಯುವ ಎಚ್. ನಾನು ಮೊದಲ ಸಾಲನ್ನಷ್ಟೇ ನಕಲು ಮಾಡಿದೆ. ಒರೆಸಿದರೂ ಕರ್ಸರ್ ಇದ್ದಲ್ಲೇ ಇರುತ್ತಿತ್ತು. ಲಾರಿಯ ತೂಕ ಒಂದೊಂದೇ ಸಾಲು ಕೆಳಗಿಳಿಯುತ್ತ ಪರದೆಯ ತಳ ಮುಟ್ಟಿತು.

“ಸಾ, ತೂಕ ಇಳೀತಾ ಅದೆ” ಎಂದು ಮೇಸ್ತ್ರಿ ಫೋನ್ ಮಾಡಿದ.

“ಎಷ್ಟು ಇಳೀತು?”

“ಒಂದ್ ಅಡಿ.”

ಎಚ್ ಸೇರಿಸಿದೆ. ಎಲ್ಲ ಸರಿಹೋಯಿತು. ಆ ಸಂತೋಷದಲ್ಲಿ ಔಟ್‌ಪುಟ್ಟನ್ನೆಲ್ಲ ಒಂದು ಲಾಗ್ ಫೈಲಿಗೂ ಬರೆಸಿದೆ. ತೂಕದ ಬಗ್ಗೆ ಜಗಳ ಬಂದಾಗ ಸಾಕ್ಷಿ ಇರಲಿ ಅಂತ. ಜಗಳ ಬಂತು. ಯಾರ್ಡಿನ ಸಾವ್ಕಾರರು ನಮ್ಮ ಆಫೀಸಿಗೇ ಬಂದು ಕೂತರು. ನಮ್ಮ ಬಾಸ್ ಠೀವಿಯಿಂದ ಟರ್ಮಿನಲ್ ತೆರೆದು, ಕ್ಯಾಟ್ ಎಂದು ಬರೆದು ಲಾಗ್ ಫೈಲಿನ ಹೆಸರು ಕೊಟ್ಟರು. ಪರದೆ ಒಮ್ಮೆ ಮಿಂಚಿ ಖಾಲಿಯಾಯಿತು. ತಲೆಯ ಮೇಲೆ ಒಂದೇ ಒಂದು ಸಾಲು: ಕೊನೆಯ ಲಾರಿಯ ತೂಕ.

“ಉಳಿದದ್ದೆಲ್ಲಯ್ಯ?”

“ಇದೆ ಸಾರ್, ಫೈಲ್ ಎಷ್ಟೋ ಎಂಬಿ ಇದೆ.”

ಮತ್ತೆ ಕೊಟ್ಟರು, ಮತ್ತೆ ಖಾಲಿ. ಲಾಗಿನೊಳಗೆ ಪ್ರತಿ ತೂಕದ ಹಿಂದೆಯೂ ನನ್ನ ‘ಒರೆಸಿಕೋ’ ಎಂಬ ಆಜ್ಞೆ ಕೂತಿತ್ತು. ಫೈಲಿಗೆ ಅದು ಬರೀ ಅಕ್ಷರ. ತೋರಿಸು ಎಂದು ಟರ್ಮಿನಲ್ಲಿನ ಮುಂದೆ ಸುರಿದ ಕೂಡಲೇ ಟರ್ಮಿನಲ್ ಅದನ್ನು ಪಾಲಿಸುತ್ತಿತ್ತು. ಸಾಕ್ಷಿ ತನ್ನನ್ನು ತಾನೇ ಒರೆಸಿಕೊಳ್ಳುತ್ತ ಸಾವ್ಕಾರರ ಕಣ್ಣೆದುರು ಓಡಿಹೋಗುತ್ತಿತ್ತು. ಕ್ಯಾಟ್‌ಗೆ ವಿ ಎಂಬ ಆಯ್ಕೆ ಕೊಟ್ಟು ಒಳಗಿನ ಸಂಕೇತಗಳನ್ನೆಲ್ಲ ಬಯಲಿಗೆಳೆದು ತೋರಿಸಿದೆ. ಕೆಲಸ ಇನ್ನೂ ಕೆಟ್ಟಿತು. ಟೋಪಿ, ಆವರಣ, ಜೆ, ಎಚ್ ತುಂಬಿದ ಆ ಸಾಲುಗಳನ್ನು ನೋಡಿ ಸಾವ್ಕಾರರು, “ಕದ್ದ ಲೆಕ್ಕಾನ ಹಿಂಗೆ ಗುಟ್ಟಿನ ಭಾಷೇಲಿ ಬರೀತೀರಾ?” ಎಂದರು.

ಬಾಸ್ ನನಗೆ ಈಸ್‌ಎಟಿಟಿವೈ ಎಂಬ ಫಂಕ್ಷನ್ ಇದೆ, ಓದಿಕೋ ಎಂದರು. ನನ್ನ ಮಾತು ಹೋಗಿ ಬೀಳುವುದು ಟರ್ಮಿನಲ್ಲಿನ ಮೇಲೋ ಅಲ್ಲವೋ ಎಂದು ಅದು ಹೇಳುತ್ತದೆ. ಟರ್ಮಿನಲ್ ಆದರೆ ಎಸ್ಕೇಪ್ ಸಂಕೇತ ಕಳಿಸು. ಅಲ್ಲವಾದರೆ? ಏನೂ ಕಳಿಸದಿದ್ದರೆ ಸಾಕಿತ್ತು. ಆದರೆ ನನಗೆ ಸುಮ್ಮನಿರುವುದು ಎಲ್ಲಿ ಬರುತ್ತದೆ. ಇಷ್ಟು ಹೊತ್ತಿಗೆ ನಾನು ಹಾಸ್ಟೆಲಿನ ಆ ಪುಸ್ತಕವನ್ನು ಕೊನೆಗೂ ತೆರೆದಿದ್ದೆ. ಅದರಲ್ಲಿ ಬ್ಯಾಕ್‌ಸ್ಲ್ಯಾಶ್ ಎಫ್ ಎಂಬುದು ಸಿಕ್ಕಿತು: ಫಾರ್ಮ್ ಫೀಡ್, ಹೊಸ ಪುಟಕ್ಕೆ ಹೋಗು. ಅಚ್ಚ ಸಿ! ಯಾವ ಕಂಪನಿಯ ಹಂಗೂ ಇಲ್ಲ! ‘ಟರ್ಮಿನಲ್ ಅಲ್ಲವಾದರೆ ಬ್ಯಾಕ್‌ಸ್ಲ್ಯಾಶ್ ಎಫ್’ ಎಂದು ಬರೆದೆ. ಅದೇ ಹುರುಪಿನಲ್ಲಿ, ಪರದೆಗೆ ಬೇರೆ, ಚೀಟಿಗೆ ಬೇರೆ ಎಂದು ಇದ್ದ ಎರಡು ಫಂಕ್ಷನ್ನುಗಳನ್ನು ಸೇರಿಸಿ ಒಂದೇ ಮಾಡಿದೆ.

ಪ್ರಿಂಟರ್ ಟರ್ಮಿನಲ್ ಅಲ್ಲ.

ಯಾರ್ಡಿನಲ್ಲಿ ಇದ್ದದ್ದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಅದಕ್ಕೆ ಉಣಿಸಿದ್ದು ಮೂರು ಪದರದ, ನಡುವೆ ಕಾರ್ಬನ್ ಇರುವ, ಸಾವ್ಕಾರರ ಹೆಸರೂ ಕ್ರಮಸಂಖ್ಯೆಯೂ ಮೊದಲೇ ಅಚ್ಚಾದ ಉದ್ದನೆಯ ಕಾಗದ. ಮೇಸ್ತ್ರಿ ಪ್ರಿಂಟ್ ಒತ್ತಿದ. ತೂಕ ಸ್ಥಿರವಾಗುವವರೆಗೆ ಪ್ರತಿ ರೀಡಿಂಗಿಗೂ ಫಂಕ್ಷನ್ ಓಡುವುದು, ಪ್ರತಿ ಸಲವೂ ಮೊದಲು ‘ಒರೆಸು’ವುದು. ಡ್ರೈವರ್ ಎಂಜಿನ್ ಆರಿಸಿರಲಿಲ್ಲ, ಗಾಡಿ ನಡುಗುತ್ತಿತ್ತು, ತೂಕ ಸ್ಥಿರವಾಗಲೇ ಇಲ್ಲ. ಪ್ರಿಂಟರ್ ಒಂದು ಪುಟ ಉಗಿಯಿತು, ಒಂದು ತೂಕ ಬರೆಯಿತು, ಮತ್ತೊಂದು ಪುಟ ಉಗಿಯಿತು, ಹತ್ತು ಕಿಲೋ ವ್ಯತ್ಯಾಸದ ಮತ್ತೊಂದು ತೂಕ ಬರೆಯಿತು. ಕಾಗದ ಮೇಜು ದಾಟಿ, ನೆಲ ತುಂಬಿ, ಬಾಗಿಲ ಹೊರಗೆ ಜಲ್ಲಿ ರಾಶಿಯ ಕಡೆಗೆ ಹೊರಟಿತು. ಮೇಸ್ತ್ರಿ ಗಾಬರಿಯಲ್ಲಿ ಕೀಳಬೇಕಾದ ಪ್ಲಗ್ ಬಿಟ್ಟು ನೀರಿನ ಮೋಟರಿನದನ್ನು ಕಿತ್ತ. ಕೊನೆಗೆ ಪೆಟ್ಟಿಗೆ ಖಾಲಿಯಾಗಿ ಪ್ರಿಂಟರೇ ನಿಂತಿತು.

ಕಾಗದ ಹೋದದ್ದಕ್ಕೆ ಸಾವ್ಕಾರರು ಅಷ್ಟು ಬೇಸರ ಮಾಡಲಿಲ್ಲ. “ನಂಬರ್ ಲೆಕ್ಕಾನ ಆಡಿಟರಿಗೆ ಯಾರು ಹೇಳ್ತಾರೆ?” ಎಂದರು. ಎಲ್ಲರೂ ನನ್ನನ್ನು ನೋಡಿದರು. ಆಡಿಟರಿಗೆ ಫಾರ್ಮ್ ಫೀಡ್ ಎಂದರೇನೆಂದು ವಿವರಿಸಿದ್ದು ಪ್ರತ್ಯೇಕ ಪ್ರಬಂಧವಾಗುವಷ್ಟಿದೆ, ಅದು ಇಲ್ಲಿ ಬೇಡ.

ಮರುದಿನ ಬಾಸ್ ಕರೆದು, “ನೋಡಪ್ಪ, ನೀನು ಒರೆಸೋದೇ ಬೇಡ. ಒಂದು ನಂಬರ್ ಬದಲಾಗೋಕೆ ಇಡೀ ಪರದೆ ಯಾಕೆ ಒರೆಸ್ತೀಯ? ಬ್ಯಾಕ್‌ಸ್ಲ್ಯಾಶ್ ಆರ್ ಹಾಕು, ಕರ್ಸರ್ ಸಾಲಿನ ಶುರುವಿಗೆ ಬರುತ್ತೆ, ಹಳೇದರ ಮೇಲೇ ಹೊಸದು ಬರಿ” ಎಂದರು. ಎಷ್ಟು ಸರಳ! ಟೆಲಿಟೈಪಿನ ಕಾಲದಿಂದ ಇದ್ದ ಉಪಾಯ. ಬರೆದೆ. ಮಿಣುಕಿಲ್ಲ, ಫ್ಯಾನಿನ ಕೂಗಿಲ್ಲ, ಲಾಗಿನಲ್ಲಿ ಗುಟ್ಟಿನ ಭಾಷೆಯಿಲ್ಲ. ಯಾರ್ಡಿಗೆ ಹೋಗಿ ಹಾಕಿ, ನಾನೇ ನಿಂತು ನೋಡಿದೆ. ಜಲ್ಲಿ ತುಂಬಿದ ಲಾರಿ ಬಂತು: 14250. ಪ್ರಿಂಟರಿಗೆ ಹೊಸ ಕಾಗದ ಇನ್ನೂ ಅಚ್ಚಾಗಿ ಬಂದಿರಲಿಲ್ಲವಾದ್ದರಿಂದ ಮೇಸ್ತ್ರಿ ಪರದೆ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಂಡ. ಲಾರಿ ಒಳಗೆ ಹೋಗಿ ಜಲ್ಲಿ ಸುರಿದು ಖಾಲಿಯಾಗಿ ಮರಳಿ ಕಟ್ಟೆ ಹತ್ತಿತು. ಅದರ ತೂಕ 5930 ಕಿಲೋ. ಐದು ಅಂಕಿಯ ಮೇಲೆ ನಾಲ್ಕು ಅಂಕಿ ಬರೆದರೆ ಐದನೆಯದು ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. 14250ರ ಕೊನೆಯ ಸೊನ್ನೆ ಅಲ್ಲೇ ಕೂತಿತ್ತು.

ಮೇಸ್ತ್ರಿ ಕನ್ನಡಕ ಸರಿಮಾಡಿಕೊಂಡು ಖಾಲಿ ಗಾಡಿ 59300 ಎಂದು ಬರೆದ. ಕ್ಯಾಲ್ಕುಲೇಟರಿನಲ್ಲಿ ಕಳೆದ. ಇನ್ನೊಮ್ಮೆ ಕಳೆದ. ರಿಜಿಸ್ಟರನ್ನು ಕಿಟಕಿಯಿಂದ ಡ್ರೈವರಿಗೆ ತೋರಿಸಿದ. ಡ್ರೈವರ್ ಕೆಳಗಿಳಿದು ಬಂದು, ಬೀಡಿ ಕಿವಿಗೆ ಸಿಕ್ಕಿಸಿಕೊಂಡು, ಅಂಕಿಯನ್ನು ಬೆರಳಿನಲ್ಲಿ ಓದಿದ.

“ಸಾ, ಇದರ ಪ್ರಕಾರ ನಿಮ್ಮ ಸಾವ್ಕಾರ್ರೇ ನಮಗೆ 45 ಟನ್ ಜಲ್ಲಿ ಕೊಡ್ಬೇಕು. ಈಗ್ಲೇ ತುಂಬಿಸ್ತೀರಾ, ಇನ್ನೊಂದೆರಡು ಗಾಡಿ ಕರೀಲಾ?”